ಚಿಕಾಬಾಲ್ ಬೆಟ್ಟದ ಎರಡು ತಿದ್ದುಪಡಿಗಳು

ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿದವನು ನಾನು. ಅಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ಉತ್ತರಪತ್ರಿಕೆಗಳನ್ನು ತಿದ್ದಿದೆನೋ ಲೆಕ್ಕವಿಟ್ಟಿಲ್ಲ. ಕೆಂಪು ಶಾಯಿಗೆ ಒಗ್ಗಿದ ಕೈಗೆ, ತನ್ನನ್ನೂ ಯಾರಾದರೂ ತಿದ್ದಬಹುದೆಂಬ ಎಣಿಕೆ ಸುಲಭವಾಗಿ ಬರುವುದಿಲ್ಲ. ಆದರೆ 2023ರ ಫೆಬ್ರವರಿಯಲ್ಲಿ, ಭೂಮಿಯ ಆಚೆಯ ಮಗ್ಗುಲಿನ ಗ್ವಾಟೆಮಾಲ ದೇಶದಲ್ಲಿ, ಇಪ್ಪತ್ತೈದು ದಾಟದ ತರುಣನೊಬ್ಬ ಒಂದೇ ದಿನ ನನ್ನನ್ನು ಎರಡು ಬಾರಿ ತಿದ್ದಿದ. ಅದು ನಡೆದದ್ದು ಚಿಕಾಬಾಲ್ ಎಂಬ ಬೆಟ್ಟದಲ್ಲಿ. ಆ ಬೆಟ್ಟ ಒಂದು ಹಳೆಯ ಅಗ್ನಿಪರ್ವತ; ಅದರ ನೆತ್ತಿಯ ಕುಳಿಯಲ್ಲಿ ಒಂದು ಸರೋವರವಿದೆ. ಆ ಸರೋವರ, ಅದನ್ನು ಪೂಜಿಸುವ ಜನ, ಮತ್ತು ನನಗೆ ದೊರೆತ ಆ ಎರಡು ತಿದ್ದುಪಡಿಗಳು, ಇವೇ ಈ ಹೊತ್ತಿನ ನನ್ನ ಮಾತಿಗೆ ವಿಷಯ.

ಅದು ಮಾಯಾ ಜನರ ನಾಡು. 'ಮಾಯಾ' ಎಂದೊಡನೆ ನಮ್ಮ ಕಿವಿಗೆ ವೇದಾಂತಿಗಳ ಮಾಯೆಯೋ, ಪಾಂಡವರಿಗೆ ಸಭೆ ಕಟ್ಟಿಕೊಟ್ಟ ಮಯನೋ ನೆನಪಾಗುವುದು ಸಹಜ. ಆದರೆ ಈ ಹೆಸರಿಗೂ ನಮ್ಮ ಮಾಯೆಗೂ ಯಾವ ನಂಟೂ ಇಲ್ಲ. ಎರಡು ದೂರದ ನುಡಿಗಳಲ್ಲಿ ಒಂದೇ ಸದ್ದು ಆಕಸ್ಮಿಕವಾಗಿ ಕೂಡಿಬಂದಿದೆ, ಅಷ್ಟೆ. ಮೆಕ್ಸಿಕೊ ದೇಶದ ದಕ್ಷಿಣ ಭಾಗ, ಗ್ವಾಟೆಮಾಲ, ಬೆಲೀಸ್, ಹೊಂಡುರಾಸ್ ಇಷ್ಟರಲ್ಲಿ ಹರಡಿರುವ, ಒಂದೇ ಕುಟುಂಬಕ್ಕೆ ಸೇರಿದ ಸುಮಾರು ಮೂವತ್ತು ಭಾಷೆಗಳನ್ನಾಡುವ ಜನಸಮುದಾಯಕ್ಕೆ ಈ ಹೆಸರು ಸಲ್ಲುತ್ತದೆ. ಇವರ ಬಗ್ಗೆ ನನಗಿದ್ದ ತಿಳಿವಳಿಕೆ ಪುಸ್ತಕದ್ದು. ಕ್ರಿಸ್ತಶಕ 250ರಿಂದ 900ರವರೆಗಿನ ಅವಧಿಯಲ್ಲಿ ಇವರು ತಿಕಾಲ್, ಪಾಲೆಂಕೆ, ಕೊಪಾನ್ ಮುಂತಾದ ನಗರಗಳನ್ನು ಕಟ್ಟಿದರು. ಸೊನ್ನೆಯ ಬಳಕೆ ಇವರಿಗೆ ಗೊತ್ತಿತ್ತು. ಕಲ್ಲಿನ ಮೇಲೆ ಚಿತ್ರದಂಥ ಲಿಪಿಯಲ್ಲಿ ತಮ್ಮ ಅರಸರ ಚರಿತ್ರೆಯನ್ನು ಕೆತ್ತಿದರು. ಆಮೇಲೆ ಆ ನಗರಗಳನ್ನು ಕಾಡು ನುಂಗಿತು. ಪುಸ್ತಕ ಅಲ್ಲಿಗೆ ಮುಗಿಯುತ್ತಿತ್ತು. ಪುಸ್ತಕ ಮುಗಿದಲ್ಲಿಗೆ ಜನವೂ ಮುಗಿದರೆಂದು ನಾನು ಭಾವಿಸಿದ್ದೆ. ಇದು ನಾನೊಬ್ಬನೇ ಮಾಡಿದ ತಪ್ಪಲ್ಲವೆಂಬುದು ಸಮಾಧಾನದ ಮಾತಲ್ಲ.

ಗ್ವಾಟೆಮಾಲ ಚಿಕ್ಕ ದೇಶ, ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಅಷ್ಟರಲ್ಲೇ ಮೂವತ್ತಕ್ಕೂ ಹೆಚ್ಚು ಅಗ್ನಿಪರ್ವತಗಳು, ಪೆಸಿಫಿಕ್ ಸಾಗರದ ಕರಾವಳಿಗೆ ಸಮಾನಾಂತರವಾಗಿ ಸಾಲುಗಟ್ಟಿ ನಿಂತಿವೆ. ಈ ಸಾಲು ಹೀಗೆ ಏಕಿದೆಯೆಂಬುದಕ್ಕೆ ಭೂವಿಜ್ಞಾನಿಗಳು ಹೇಳುವ ಕಾರಣ ಸರಳವಾದುದು. ಸಾಗರದ ತಳದ ಒಂದು ಭಾರಿ ಶಿಲಾಫಲಕ ಮೆಲ್ಲಮೆಲ್ಲನೆ ಸರಿದು ಬಂದು, ಈ ನಾಡನ್ನು ಹೊತ್ತ ಫಲಕದ ಅಡಿಗೆ ತೂರಿಕೊಳ್ಳುತ್ತಿದೆ. ಆಳಕ್ಕೆ ಇಳಿದಂತೆ ಅದರೊಡನೆ ಹೋದ ನೀರು ಬಿಡುಗಡೆಯಾಗಿ, ಮೇಲಿನ ಬಂಡೆಯ ಕರಗುವ ಮಟ್ಟವನ್ನು ತಗ್ಗಿಸುತ್ತದೆ. ಕರಗಿದ ಶಿಲೆ ಹಗುರವಾಗಿ ಮೇಲೇರಿ ಬಿರುಕು ಕಂಡಲ್ಲಿ ಹೊರಚಿಮ್ಮುತ್ತದೆ. ಹಾಗೆ ಚಿಮ್ಮಿ, ಬೆಟ್ಟವಾಗಿ ಬೆಳೆದು, ಕಡೆಗೊಮ್ಮೆ ಉಸಿರು ನಿಂತ ಮೇಲೆ ಉಳಿಯುವುದು ಒಂದು ಬಾಯಿ. ಆ ಬಾಯಿಯ ತಳದಲ್ಲಿ ಬೂದಿ ಮತ್ತು ಜೇಡಿ ಗಟ್ಟಿಯಾಗಿ ಕೂತು ಸಂದುಗಳನ್ನು ಮುಚ್ಚಿದರೆ, ಬಿದ್ದ ಮಳೆ ಅಲ್ಲಿಯೇ ನಿಲ್ಲುತ್ತದೆ. ಚಿಕಾಬಾಲಿನ ಸರೋವರ ಇಂಥದು. ಒಳಬರುವ ಹೊಳೆಯಿಲ್ಲ, ಹೊರಹೋಗುವ ತೊರೆಯಿಲ್ಲ. ಬೆಂಕಿ ಬಂದ ಬಾಯಲ್ಲಿ ಆಕಾಶದ ನೀರು ತುಂಬಿಕೊಂಡಿದೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 2,900 ಮೀಟರ್. ನೀರಿನ ಮಟ್ಟ ಸುಮಾರು 2,700 ಮೀಟರ್.

ಅಲ್ಲಿಗೆ ನಾನು ಹೋದದ್ದು ನನ್ನ ತಮ್ಮನ ಮಗಳ ದೆಸೆಯಿಂದ. ಆಕೆ ಆಗ ಕೆತ್ಸಾಲ್ತೆನಾಂಗೊ ಎಂಬ ಊರಿನಲ್ಲಿ ಸ್ಪ್ಯಾನಿಷ್ ಭಾಷೆ ಕಲಿಯುತ್ತಿದ್ದಳು. ಗ್ವಾಟೆಮಾಲದ ಎರಡನೆಯ ದೊಡ್ಡ ನಗರ ಅದು. ಅಲ್ಲಿನವರು ಅದನ್ನು ಹಳೆಯ ಮಾಯಾ ಹೆಸರನ್ನು ಮೊಟಕುಗೊಳಿಸಿ 'ಶೇಲಾ' ಎಂದು ಕರೆಯುತ್ತಾರೆ. ಹೊರದೇಶದವರಿಗೆ ಸ್ಪ್ಯಾನಿಷ್ ಕಲಿಸುವ ಶಾಲೆಗಳಿಗೆ ಆ ಊರು ಹೆಸರಾಗಿದೆ. "ದೊಡ್ಡಪ್ಪ, ನಿಮ್ಮ ಮಂಡಿ ಒಪ್ಪುವುದಾದರೆ ಒಂದು ಕಡೆ ಕರೆದುಕೊಂಡು ಹೋಗುತ್ತೇನೆ" ಎಂದಳು. ಮಂಡಿಯನ್ನು ಕೇಳದೆಯೇ ನಾನು ಒಪ್ಪಿಬಿಟ್ಟೆ.

ಬೆಳಗಿನ ಜಾವ ಬಸ್ಸು ಹಿಡಿದೆವು. ಅಮೆರಿಕದಲ್ಲಿ ಶಾಲೆಯ ಮಕ್ಕಳನ್ನು ಹೊತ್ತು ಸವೆದ ಹಳೆಯ ಬಸ್ಸುಗಳು ಅಲ್ಲಿಗೆ ಬಂದು, ಮೈತುಂಬ ಬಣ್ಣ ಬಳಿಸಿಕೊಂಡು ಎರಡನೆಯ ಜನ್ಮ ತಾಳುತ್ತವೆ. ಇಬ್ಬರು ಕೂರುವ ಸೀಟಿನಲ್ಲಿ ಮೂವರು. ನಮ್ಮ ಪಕ್ಕದ ಮುದುಕಿಯ ಮಡಿಲಲ್ಲಿ ಎಲೆಕೋಸಿನ ಚೀಲ. ಹೀಗೆ ಸಾನ್ ಮಾರ್ತಿನ್ ಸಕತೆಪೆಕೆಸ್ ಎಂಬ ಊರಿಗೆ ಬಂದು ಇಳಿದೆವು. ಈ ಊರಿಗೆ ಇನ್ನೊಂದು ಹೆಸರು ಸಾನ್ ಮಾರ್ತಿನ್ ಚಿಲೆ ವೆರ್ದೆ. ಎಂದರೆ 'ಹಸಿಮೆಣಸಿನಕಾಯಿಯ ಸಂತ ಮಾರ್ಟಿನ್'. ಹೆಸರು ಕೇಳಿ ನನಗೆ ನಗು ಬಂದಿತು. ಆದರೆ ನಾವು ನಮ್ಮದೇ ಎಂದುಕೊಂಡಿರುವ ಮೆಣಸಿನಕಾಯಿಯ ತವರು ಭೂಮಿಯ ಆ ಮಗ್ಗುಲೇ. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂದಿಳಿಯುವವರೆಗೆ ಕನ್ನಡಿಗರ ಸಾರಿಗೆ ಕಾಳುಮೆಣಸೇ ಖಾರವಾಗಿತ್ತು. ಆದುದರಿಂದ ಆ ಊರಿಗೆ ಹೋದ ಕನ್ನಡಿಗ ನಗುವುದಕ್ಕಿಂತ ಒಂದು ನಮಸ್ಕಾರ ಹಾಕುವುದೇ ಮೇಲು.

ಈ ಊರಿನವರು ಮಾಯಾ ಜನರಲ್ಲಿ ಮಾಮ್ ಎಂಬ ಪಂಗಡಕ್ಕೆ ಸೇರಿದವರು. ಅವರ ಭಾಷೆಯ ಹೆಸರೂ ಮಾಮ್. ಐದು ಲಕ್ಷಕ್ಕೂ ಹೆಚ್ಚು ಜನ ಅದನ್ನು ಆಡುತ್ತಾರೆ. ಹಲವು ಮಾಯಾ ಭಾಷೆಗಳಲ್ಲಿ 'ಮಾಮ್' ಎಂಬ ಮಾತಿಗೆ ಅಜ್ಜ, ಹಿರಿಯ ಎಂಬ ಅರ್ಥವಿದೆ. ಊರಿನ ಚೌಕದಲ್ಲಿ ಇಬ್ಬರು ವೃದ್ಧರು ನಿಂತಿದ್ದರು. ಸಣ್ಣ ಕೆಂಪು ಗೆರೆಗಳುಳ್ಳ ಉದ್ದನೆಯ ಬಿಳಿಯ ಅಂಗಿ, ನಡುವಿಗೆ ಅಗಲವಾದ ಕೆಂಪು ಪಟ್ಟಿ. ಅದು ಆ ಊರಿನ ಗಂಡಸರ ಸಾಂಪ್ರದಾಯಿಕ ಉಡುಗೆ. ಈಗ ಹಿರಿಯರಲ್ಲಿ ಮಾತ್ರ ಹೆಚ್ಚಾಗಿ ಉಳಿದಿದೆ. ನಮಗೆ ದಾರಿ ತೋರಲು ಬಂದ ತರುಣ ಜೀನ್ಸ್ ಪ್ಯಾಂಟು ತೊಟ್ಟಿದ್ದ.

ದಾರಿ ಮೊದಲಿಗೆ ಹೊಲಗಳ ನಡುವೆ ಏರುತ್ತದೆ. ಇಳಿಜಾರಿನಲ್ಲಿ ಆಲೂಗೆಡ್ಡೆ, ಕೋಸು, ಎಲ್ಲಕ್ಕಿಂತ ಮಿಗಿಲಾಗಿ ಮುಸುಕಿನ ಜೋಳ. ಫೆಬ್ರವರಿ ಅಲ್ಲಿ ಒಣಗಾಲ. ಕೊಯ್ಲು ಮುಗಿದ ಜೋಳದ ದಂಟುಗಳು ಗಾಳಿಗೆ ಸದ್ದು ಮಾಡುತ್ತಿದ್ದವು. ಈ ಬೆಳೆಯನ್ನು ಅಲ್ಲಿನವರು ಬರಿಯ ಆಹಾರವೆಂದು ಎಣಿಸುವುದಿಲ್ಲ. ಮಾಮ್ ಜನರ ನೆರೆಯವರೂ ಜ್ಞಾತಿಗಳೂ ಆದ ಕಿಚೆ ಪಂಗಡದವರಲ್ಲಿ 'ಪೊಪೊಲ್ ವೂಹ್' ಎಂಬ ಸೃಷ್ಟಿಪುರಾಣವಿದೆ. ಸ್ಪೇನಿನವರ ದಾಳಿಯ ನಂತರ, ಹದಿನಾರನೆಯ ಶತಮಾನದ ನಡುವೆ, ಕಿಚೆ ಹಿರಿಯರು ಅದನ್ನು ತಮ್ಮ ಭಾಷೆಯಲ್ಲಿ, ರೋಮನ್ ಅಕ್ಷರಗಳಲ್ಲಿ ಬರೆದಿಟ್ಟರು. ಹದಿನೆಂಟನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಚಿಚಿಕಾಸ್ತೆನಾಂಗೊ ಎಂಬ ಊರಿನಲ್ಲಿ ಅದನ್ನು ನಕಲು ಮಾಡಿ ಸ್ಪ್ಯಾನಿಷ್ ಭಾಷೆಗೆ ತಂದ. ಮೂಲದ ಓಲೆ ಕಳೆದುಹೋಗಿದೆ. ಪಾದ್ರಿಯ ನಕಲು ಇಂದು ಶಿಕಾಗೊ ನಗರದ ಒಂದು ಗ್ರಂಥಾಲಯದಲ್ಲಿದೆ.

ಆ ಪುರಾಣದ ಪ್ರಕಾರ ದೇವತೆಗಳು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡಿದರು; ಅವನು ನೀರಿಗೆ ಕರಗಿಹೋದ. ಮರದಿಂದ ಮಾಡಿದರು, ಅವನಿಗೆ ಹೃದಯವಿರಲಿಲ್ಲ, ತನ್ನನ್ನು ಮಾಡಿದವರ ನೆನಪಿರಲಿಲ್ಲ. ಅವನ ಮೇಲೆ ಪ್ರಳಯ ಬಂದಿತು. ಅವನು ದುಡಿಸಿಕೊಂಡಿದ್ದ ಅಡಿಗೆಯ ಮಡಕೆ, ಬೀಸುವ ಕಲ್ಲು, ಸಾಕಿದ ನಾಯಿ ಎಲ್ಲವೂ ಅವನಿಗೇ ತಿರುಗಿಬಿದ್ದವು. ಮೂರನೆಯ ಬಾರಿಗೆ ಬಿಳಿಯ ಮತ್ತು ಹಳದಿಯ ಜೋಳವನ್ನು ಒಂಬತ್ತು ಸಲ ಅರೆದು, ಆ ಹಿಟ್ಟಿನಿಂದ ಮಾಡಿದರು. ಅವನೇ ನಿಂತ. ಈ ಕಥೆಯನ್ನು ನಾನು ಅನುವಾದದಲ್ಲಿ ಓದಿ, ತರಗತಿಗಳಲ್ಲಿ ಹೇಳಿಯೂ ಇದ್ದೆ. ಅದನ್ನು ಆ ಹೊಲದ ನಡುವೆ ನಿಂತು ನೆನೆದಾಗ ನನ್ನ ಪಾಂಡಿತ್ಯಕ್ಕೆ ಹುರುಪು ಬಂದಿತು. ತರುಣನಿಗೆ ಒಂದು ಪ್ರಶ್ನೆ ಹಾಕಿದೆ: "ಮಾಯಾ ಜನರು ಈ ಬೆಟ್ಟವನ್ನು ಏತಕ್ಕಾಗಿ ಪೂಜಿಸುತ್ತಿದ್ದರು?"

ಹುಡುಗಿ ನನ್ನ ಮಾತನ್ನು ಯಥಾವತ್ತಾಗಿ ಸ್ಪ್ಯಾನಿಷಿಗೆ ತಿರುಗಿಸಿದಳು. ತರುಣ ನಡೆಯುವುದನ್ನು ನಿಲ್ಲಿಸಿದ. ಮುಖದಲ್ಲಿ ಕೋಪವಿರಲಿಲ್ಲ, ಒಂದು ಬಗೆಯ ಆಯಾಸವಿತ್ತು. ಇದೇ ಪ್ರಶ್ನೆಯನ್ನು ಇನ್ನೆಷ್ಟು ಜನರಿಂದ ಕೇಳಿದ್ದನೋ! ಅವನೆಂದ ಮಾತನ್ನು ಅವಳು ಕನ್ನಡಿಸಿದಳು: "'ಪೂಜಿಸುತ್ತಿದ್ದರು' ಎಂದು ಏಕೆ ಕೇಳುತ್ತಾರೆ? ನಮ್ಮ ಅಮ್ಮ ಹೋದ ತಿಂಗಳು ಬಂದು ಪೂಜೆ ಮಾಡಿಸಿ ಹೋದರು. ನಾವು ಇಲ್ಲೇ ಇದ್ದೇವಲ್ಲ." ಆಮೇಲೆ ತಡೆಯಲಾರದೆ ನಕ್ಕು, "ದೊಡ್ಡಪ್ಪ, ನಿಮ್ಮ ಭೂತಕಾಲ ತಪ್ಪಂತೆ" ಎಂದಳು.

ಇದು ಮೊದಲನೆಯ ತಿದ್ದುಪಡಿ. ವ್ಯಾಕರಣದ ಒಂದು ಪ್ರತ್ಯಯದಲ್ಲಿ ಎಷ್ಟು ದೊಡ್ಡ ಅನ್ಯಾಯ ಅಡಗಿರಬಹುದೆಂಬುದು ವ್ಯಾಕರಣ ಕಲಿಸಿದ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. 2018ರ ಜನಗಣತಿಯಲ್ಲಿ ಗ್ವಾಟೆಮಾಲದ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ತಮ್ಮನ್ನು ಮಾಯಾ ಎಂದು ಹೇಳಿಕೊಂಡಿದ್ದಾರೆ. ಆ ದೇಶವೊಂದರಲ್ಲೇ ಇಪ್ಪತ್ತೆರಡು ಮಾಯಾ ಭಾಷೆಗಳಿಗೆ ಮನ್ನಣೆಯಿದೆ. ಕಾಡು ನುಂಗಿದ್ದು ಅರಮನೆಗಳನ್ನು. ಹೊಲದಲ್ಲಿದ್ದವರು ಹೊಲದಲ್ಲೇ ಉಳಿದರು.

ಹೊಲಗಳು ಮುಗಿದು ಕಾಡು ಮೊದಲಾಯಿತು. ಮೇಲಿನ ಕಾಡನ್ನು ಸ್ಥಳೀಯ ರೈತರ ಸಂಘವೊಂದು ಕಾಯುತ್ತದೆ. ಬಾಗಿಲಲ್ಲಿ ಸಣ್ಣ ಶುಲ್ಕ ತೆಗೆದುಕೊಳ್ಳುತ್ತಾರೆ. ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿ ಈ ಇಳಿಜಾರನ್ನು ಏರುತ್ತ ತಣ್ಣಗಾಗಿ, ಮಧ್ಯಾಹ್ನದ ವೇಳೆಗೆ ಮೋಡವಾಗುತ್ತದೆ. ಹೀಗಾಗಿ ಮಳೆ ಬಾರದ ತಿಂಗಳಲ್ಲೂ ಮರಗಳ ಮೈ ಒದ್ದೆ. ಕೊಂಬೆಕೊಂಬೆಗೂ ಪಾಚಿ ಜೋಲುತ್ತಿತ್ತು, ಜರಿಗಿಡಗಳು ನೆತ್ತಿಯ ಮೇಲೆ ಕೊಡೆ ಹಿಡಿದಿದ್ದವು. ನಾನು ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆ. ಆ ಎತ್ತರದ ತೆಳುಗಾಳಿಯನ್ನು ನೆವ ಮಾಡಿಕೊಂಡೆನಾದರೂ ನಿಜವಾದ ಕಾರಣ ಮಂಡಿಯೇ.

ಕುಳಿಯ ಅಂಚಿಗೆ ಏರಿದ ಮೇಲೆ ಒಂದು ದಿಕ್ಕಿಗೆ ಮರಗಳು ತೆರೆದುಕೊಂಡು ಸಾಂತಾ ಮರಿಯಾ ಎಂಬ ಅಗ್ನಿಪರ್ವತ ಕಾಣಿಸಿತು. 3,772 ಮೀಟರ್ ಎತ್ತರದ, ನೋಡಲು ಬಲು ಶಾಂತವಾದ ಶಿಖರ. ಇದೇ ಪರ್ವತ 1902ರ ಅಕ್ಟೋಬರಿನಲ್ಲಿ ಸಿಡಿಯಿತು. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲಿ ಅದೊಂದು. ಕಡಿಮೆಯೆಂದರೂ ಐದು ಸಾವಿರ ಜನ ಸತ್ತರು. ಸಿಡಿದ ಗಾಯದಲ್ಲಿ 1922ರಲ್ಲಿ ಹೊಸ ಲಾವಾಗುಡ್ಡವೊಂದು ತಲೆಯೆತ್ತಿತು. ಅದರ ಹೆಸರು ಸಾಂತಿಯಾಗಿತೊ. ಅದು ನೂರು ವರ್ಷ ಕಳೆದರೂ ಸುಮ್ಮನಾಗಿಲ್ಲ. ನಾವು ನೋಡುತ್ತಿದ್ದಂತೆಯೇ ಅಲ್ಲಿಂದ ಬೂದುಬಣ್ಣದ ಹೊಗೆಯ ಹೂವೊಂದು ಅರಳಿ ಗಾಳಿಗೆ ಚದುರಿತು. ಬೆಟ್ಟಕ್ಕೆ ಜೀವವಿದೆಯೆಂಬ ಮಾತು ನಮಗೆ ಅಲಂಕಾರ. ಆ ಹೊಗೆಯ ಕೆಳಗೆ ಬೆಳೆ ಬೆಳೆಯುವವರಿಗೆ ಅದು ದಿನನಿತ್ಯದ ಸಂಗತಿ.

ಇನ್ನೊಂದು ದಿಕ್ಕಿಗೆ ತಿರುಗಿದರೆ, ಕೆಳಗೆ ಸರೋವರ. ಸುತ್ತ ಕಡಿದಾದ ಹಸುರು ಗೋಡೆ, ನಡುವೆ ಗುಂಡಗೆ, ಅಲೆಯಿಲ್ಲದ ನೀರು. ನಾನು ಅದನ್ನು ಎಷ್ಟು ಹೊತ್ತು ಕಂಡೆ? ಐದು ನಿಮಿಷವಿರಬಹುದು. ಅಂಚಿನ ಆಚೆಯಿಂದ ಮೋಡ ಏರಿ ಬಂದು, ಹಾಲು ಉಕ್ಕಿದಂತೆ ಒಳಕ್ಕೆ ಸುರಿಯಿತು. ಮರುಗಳಿಗೆ ಸರೋವರವೂ ಇಲ್ಲ, ಗೋಡೆಯೂ ಇಲ್ಲ. ನಮ್ಮ ಬಳಿ ಕ್ಯಾಮರಾ ಹಿಡಿದು ನಿಂತಿದ್ದ ಯಾರೋ ಯಾತ್ರಿಕರು ನಿಟ್ಟುಸಿರು ಬಿಟ್ಟು ಹಿಂತಿರುಗಿದರು. ಆಗ ನನಗೆ ಪೊಪೊಲ್ ವೂಹ್ ಕಥೆಯ ಮುಂದಿನ ಭಾಗ ನೆನಪಾಯಿತು. ಜೋಳದ ಹಿಟ್ಟಿನಿಂದಾದ ಮೊದಲ ನಾಲ್ವರು ಮನುಷ್ಯರ ದೃಷ್ಟಿ ಎಷ್ಟು ಚುರುಕಾಗಿತ್ತೆಂದರೆ, ಕೂತಲ್ಲಿಂದಲೇ ಭೂಮ್ಯಾಕಾಶಗಳ ಎಲ್ಲವೂ ಅವರಿಗೆ ಕಾಣುತ್ತಿತ್ತು. ದೇವತೆಗಳಿಗೆ ಇದು ಸರಿಬೀಳಲಿಲ್ಲ. ಕನ್ನಡಿಯ ಮೇಲೆ ಉಸಿರು ಊದಿದಂತೆ ಅವರ ಕಣ್ಣುಗಳನ್ನು ಮಬ್ಬುಗೊಳಿಸಿದರು. ಅಂದಿನಿಂದ ಮನುಷ್ಯನಿಗೆ ಹತ್ತಿರದ್ದು ಮಾತ್ರ ಕಾಣುತ್ತದೆ.

ನೀರಿನ ಬಳಿಗೆ ಇಳಿಯಲು ಆರುನೂರರಷ್ಟು ಮೆಟ್ಟಿಲುಗಳಿವೆ. ಇಳಿದೆವು. ಮಂಜಿನೊಳಗೆ ಒಂದು ಪರಿಮಳ ಬಂದಿತು. ನಮ್ಮ ಧೂಪಕ್ಕೆ ಹತ್ತಿರವಾದ, ಆದರೆ ಬೇರೆಯೇ ಆದ ಪರಿಮಳ. 'ಪೋಮ್' ಎಂಬ ಮರದ ಅಂಟಿನ ಧೂಪವಂತೆ. ದಡದ ಉದ್ದಕ್ಕೂ ಅಲ್ಲಲ್ಲಿ ಪೂಜಾಸ್ಥಳಗಳು: ಒಂದೆಡೆ ಮರದ ಶಿಲುಬೆ, ಒಂದೆಡೆ ಬೂದಿ ತುಂಬಿದ ಸಣ್ಣ ಕುಂಡ, ಉರಿದ ಮೇಣದ ಬತ್ತಿಯ ಕರಗು. ನೀರಿನ ಅಂಚಿನಲ್ಲೇ ನೆಟ್ಟ ಹೂಗೊಂಚಲುಗಳು, ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ. ಶಿಲುಬೆ ಕಂಡು ಇದು ಕ್ರೈಸ್ತರ ಸ್ಥಳವೆ ಎಂದು ಕೇಳುವಂತಿಲ್ಲ; ಅಲ್ಲವೆನ್ನುವಂತೆಯೂ ಇಲ್ಲ. ಮಾಯಾ ಜನರಿಗೆ ಶಿಲುಬೆಯ ಆಕಾರ ಪಾದ್ರಿಗಳಿಗಿಂತ ಮೊದಲೇ ಪರಿಚಿತ. ಅದು ನಾಲ್ಕು ದಿಕ್ಕುಗಳು ಕೂಡುವ ಗುರುತು. ಪೂರ್ವಕ್ಕೆ ಕೆಂಪು, ಪಶ್ಚಿಮಕ್ಕೆ ಕಪ್ಪು, ಉತ್ತರಕ್ಕೆ ಬಿಳುಪು, ದಕ್ಷಿಣಕ್ಕೆ ಹಳದಿ ಎಂದು ದಿಕ್ಕಿಗೊಂದು ಬಣ್ಣವುಂಟು. ಹೊರಗಿನಿಂದ ಬಂದ ಗುರುತಿನೊಳಗೆ ಒಳಗಿನ ಅರ್ಥ ಬದುಕಿಕೊಂಡಿತು.

ಒಂದು ಕುಂಡದ ಮುಂದೆ ಒಂದು ಕುಟುಂಬ ಕುಳಿತಿತ್ತು. ಹಿರಿಯರೊಬ್ಬರು ಬೆಂಕಿಗೆ ಸಕ್ಕರೆ, ಧೂಪ, ಮೇಣದ ಬತ್ತಿಗಳನ್ನು ಅರ್ಪಿಸುತ್ತ ಏನನ್ನೋ ಎಣಿಸುವ ಧಾಟಿಯಲ್ಲಿ ಹೇಳುತ್ತಿದ್ದರು. ದೂರದಲ್ಲೇ ನಿಂತೆವು. ಅವರು ದಿನಗಳ ಹೆಸರನ್ನು ಕರೆಯುತ್ತಿದ್ದಾರೆ ಎಂದು ತರುಣ ಪಿಸುದನಿಯಲ್ಲಿ ವಿವರಿಸಿದ.

ಈ ದಿನಗಳ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮಾಯಾ ಜನರ ಪವಿತ್ರ ಪಂಚಾಂಗದಲ್ಲಿ ಇಪ್ಪತ್ತು ದಿನಗಳಿಗೆ ಇಪ್ಪತ್ತು ಹೆಸರುಗಳಿವೆ. ಅವುಗಳ ಜೊತೆಗೆ ಒಂದರಿಂದ ಹದಿಮೂರರವರೆಗಿನ ಅಂಕಿಗಳು ಸಾಗುತ್ತವೆ. ಹೆಸರೂ ಅಂಕಿಯೂ ಒಟ್ಟಿಗೆ ಮುಂದುವರಿದು, ಮೊದಲಿನ ಜೋಡಿ ಮತ್ತೆ ಬರಲು 260 ದಿನ ಬೇಕು. ಗರ್ಭದಲ್ಲಿ ಶಿಶು ಬೆಳೆಯುವ ಕಾಲಕ್ಕೆ ಇದು ಹತ್ತಿರವೆಂದು ಅಲ್ಲಿಯವರು ಹೇಳುತ್ತಾರೆ. ಇದರ ಪಕ್ಕದಲ್ಲಿ 365 ದಿನಗಳ ಸೌರವರ್ಷವೂ ಇದೆ. ಈ ಎರಡು ಚಕ್ರಗಳು ಹೊರಟ ಜಾಗದಲ್ಲೇ ಮತ್ತೆ ಸಂಧಿಸುವುದು 18,980 ದಿನಗಳಿಗೆ, ಎಂದರೆ 365 ದಿನಗಳ 52 ವರ್ಷಗಳಿಗೆ. ಪ್ರತಿಯೊಂದು ದಿನಕ್ಕೂ ಅದರದೇ ಸ್ವಭಾವವುಂಟು, ಅದರದೇ ಅಧಿದೇವತೆಯುಂಟು. ಯಾವ ದಿನ ಏನನ್ನು ಬೇಡಬೇಕು, ಯಾವ ದಿನ ಬಿತ್ತಬೇಕು, ಹುಟ್ಟಿದ ಮಗುವಿನ ಮನೋಧರ್ಮವೇನು, ಇವನ್ನೆಲ್ಲ ಬಲ್ಲವರಿಗೆ ಕಿಚೆ ಭಾಷೆಯಲ್ಲಿ 'ಅಹ್‌ಕಿಹ್' ಎಂದು ಹೆಸರು. ನಮ್ಮ ಲಿಪಿಗೆ ಪೂರ್ತಿ ಸಿಕ್ಕದ ಉಚ್ಚಾರ ಅದು. 'ಕಿಹ್' ಎಂದರೆ ಸೂರ್ಯ, 'ಕಿಹ್' ಎಂದರೇ ದಿನ, 'ಕಿಹ್' ಎಂದರೇ ಕಾಲ.

ಇದನ್ನು ಕೇಳಿ ಹುಡುಗಿ, ಮೂರಕ್ಕೂ ಒಂದೇ ಮಾತೆ ಎಂದು ಬೆರಗಾದಳು. ಅವಳ ಬೆರಗು ನನಗೆ ಬೆರಗಾಯಿತು. ಹಳಗನ್ನಡದ 'ಪೊೞ್ತು' ಇಂದಿನ 'ಹೊತ್ತು'. ಹೊತ್ತು ಮೂಡಿತು, ಹೊತ್ತು ಮುಳುಗಿತು ಎನ್ನುವಾಗ ಅದು ಸೂರ್ಯ. ಹೊತ್ತಾಯಿತು, ಹೊತ್ತು ಹೋಗದು ಎನ್ನುವಾಗ ಅದು ಕಾಲ. ನಮ್ಮ ಅಜ್ಜಿಯಂದಿರು ನಿತ್ಯ ಆಡಿದ ಮಾತು. ಎರಡು ಜನಾಂಗಗಳಿಗೆ ನಂಟಿಲ್ಲದಿದ್ದರೂ, ತಲೆಯೆತ್ತಿ ನೋಡಿದ ಆಕಾಶ ಒಂದೇ ಆಗಿತ್ತು. ಅಹ್‌ಕಿಹ್ ಎಂಬುದಕ್ಕೆ ಕನ್ನಡದಲ್ಲಿ ನಾನು ಒಂದು ಮಾತು ಹೇಳಬೇಕಾದರೆ, 'ಹೊತ್ತು ಕಾಯುವವನು' ಎನ್ನುತ್ತೇನೆ.

ಹೊತ್ತು ಕಾಯುವುದು ಸುಲಭದ ಕೆಲಸವಾಗಿರಲಿಲ್ಲ. 1562ರಲ್ಲಿ, ಇಲ್ಲಿಂದ ಬಹುದೂರದ ಯುಕತಾನ್ ಪ್ರಾಂತದ ಮಾನಿ ಎಂಬ ಊರಿನಲ್ಲಿ, ದಿಯೆಗೊ ದೆ ಲಾಂದಾ ಎಂಬ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿಸಿ ಸುಡಿಸಿದ. ತೊಗಟೆಯ ಕಾಗದದ ಮೇಲೆ ಬರೆದ ಆ ಜನರ ಹಳೆಯ ಪುಸ್ತಕಗಳಲ್ಲಿ ಇಂದು ಉಳಿದಿರುವುದು ಕೇವಲ ನಾಲ್ಕು. ಮೂರು ಯುರೋಪಿನ ಡ್ರೆಸ್ಡೆನ್, ಮ್ಯಾಡ್ರಿಡ್, ಪ್ಯಾರಿಸ್ ನಗರಗಳಲ್ಲಿವೆ. ನಾಲ್ಕನೆಯದು ಮೆಕ್ಸಿಕೊದಲ್ಲಿದೆ, ಅದು ಅಸಲಿಯೆಂದು ಖಚಿತವಾದದ್ದು 2018ರಲ್ಲಿ. ಒಂದು ನಾಗರಿಕತೆಯ ಗ್ರಂಥಭಂಡಾರದಲ್ಲಿ ನಾಲ್ಕೇ ಪುಸ್ತಕಗಳು! ಸಾಹಿತ್ಯದ ವಿದ್ಯಾರ್ಥಿಗೆ ಇದಕ್ಕಿಂತ ಎದೆ ನಡುಗಿಸುವ ಸಂಖ್ಯೆ ಇನ್ನೊಂದಿರಲಾರದು. ಆದರೆ ಗ್ವಾಟೆಮಾಲದ ಬೆಟ್ಟಗಳಲ್ಲಿ ಈ 260 ದಿನಗಳ ಲೆಕ್ಕ ಬಾಯಿಂದ ಬಾಯಿಗೆ ನಡೆದುಬಂದಿತು. ಇಂದು ಅಲ್ಲಿ ಎಣಿಸುವ ದಿನ, ವಿದ್ವಾಂಸರು ಪ್ರಾಚೀನ ಶಾಸನಗಳಿಂದ ಗಣಿಸಿ ತೆಗೆದ ದಿನಕ್ಕೆ ಕೂಡಿಬರುತ್ತದೆ. ಪುಸ್ತಕ ಸುಟ್ಟವರಿಗೆ ದಿನವನ್ನು ಸುಡುವ ಉಪಾಯ ತಿಳಿಯಲಿಲ್ಲ.

2012ರ ಡಿಸೆಂಬರ್ 21ಕ್ಕೆ ಮಾಯಾ ಪಂಚಾಂಗ ಮುಗಿದು ಲೋಕವೇ ಮುಗಿಯುತ್ತದೆಂಬ ಗುಲ್ಲು ನಿಮಗೆ ನೆನಪಿರಬಹುದು. ಅಂದು ಮುಗಿದದ್ದು 18,72,000 ದಿನಗಳ ಒಂದು ದೀರ್ಘಾವಧಿ. ಈ ಬೆಟ್ಟಗಳ ಲೆಕ್ಕದಲ್ಲಿ ಅಂದಿನ ದಿನ 'ನಾಲ್ಕು ಅಹ್‌ಪು'. ಮರುದಿನ 'ಐದು ಇಮೋಶ್'. ಹೊತ್ತು ಕಾಯುವವರು ಮರುದಿನದ ಹೆಸರು ಹೇಳಿ ಮುಂದುವರಿದರು. ಅಂತ್ಯವಾಗಬೇಕೆಂಬ ಆಸೆ ಹೊರಗಿನವರದಾಗಿತ್ತು.

ಎರಡನೆಯ ತಿದ್ದುಪಡಿಗೆ ಬರುತ್ತೇನೆ. ಪೂಜೆ ಮುಗಿದು ಆ ಕುಟುಂಬ ಹೊರಟುಹೋಯಿತು. ಮಂಜು ತುಸು ಹರಿದು ಅಂಚಿನ ನೀರು ಕಾಣತೊಡಗಿತು. ನಾನು ಬೂಟು ಕಾಲುಚೀಲಗಳನ್ನು ಕಳಚಿದೆ, ಪ್ಯಾಂಟಿನ ಅಂಚು ಮಡಚಿದೆ. ಇದನ್ನು ನಾನು ಯೋಚಿಸಿ ಮಾಡಲಿಲ್ಲ. ನನ್ನ ದೇಹ ಮಾಡಿತು. ಕಾವೇರಿಯಾಗಲಿ, ತುಂಗೆಯಾಗಲಿ, ದೇವಸ್ಥಾನದ ಪುಷ್ಕರಣಿಯಾಗಲಿ, ಪುಣ್ಯಜಲವೆಂದರೆ ಇಳಿಯಬೇಕು, ಕಾಲು ತೊಳೆಯಬೇಕು, ಬೊಗಸೆಯಲ್ಲೆತ್ತಿ ತಲೆಗೆ ಪ್ರೋಕ್ಷಿಸಿಕೊಳ್ಳಬೇಕು. ಅರುವತ್ತು ವರ್ಷದ ಅಭ್ಯಾಸ. ಒಂದು ಹೆಜ್ಜೆ ಇಟ್ಟಿದ್ದೆ, ತರುಣ ಓಡಿಬಂದು ನನ್ನ ತೋಳು ಹಿಡಿದ. ಈ ನೀರಿಗೆ ಯಾರೂ ಇಳಿಯುವಂತಿಲ್ಲ. ಈಜು, ಸ್ನಾನ ಎಲ್ಲವೂ ನಿಷಿದ್ಧ. ಹಾಗೆಂದು ಫಲಕವೂ ಇತ್ತು, ನಾನು ಮಂಜಿನಲ್ಲಿ ಗಮನಿಸಿರಲಿಲ್ಲ.

ನಾಚಿಕೆಯಿಂದ ಹಿಂದೆ ಸರಿದು, ನಮ್ಮಲ್ಲಿ ಪವಿತ್ರವಾದ ನೀರಿಗೆ ಇಳಿಯುವುದೇ ಪೂಜೆಯೆಂದು ಅವನಿಗೆ ತಿಳಿಸಲು ಹೇಳಿದೆ. ಅವನು ಆಸಕ್ತಿಯಿಂದ ಕೇಳಿದ. ಬಳಿಕ ಅವನೆಂದ ಮಾತು ಇಷ್ಟು: "ಇಲ್ಲಿ ಮೋಡ ಬಂದು ಇಳಿಯುತ್ತದೆ. ನಾವು ಇಳಿದರೆ ಅದು ಎಲ್ಲಿ ಇಳಿಯಬೇಕು?"

ಮಳೆಯ ಮಾತು ಅಲ್ಲಿ ಜೀವನದ ಮಾತು. ಈಸ್ಟರ್ ಕಳೆದು ನಲವತ್ತು ದಿನಗಳಿಗೆ, ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ, ಸುತ್ತಣ ಹಳ್ಳಿಗಳ ಮಾಮ್ ಜನರು ಈ ದಡದಲ್ಲಿ ಸೇರಿ ಮಳೆಗಾಗಿ ಪ್ರಾರ್ಥಿಸುತ್ತಾರೆ. ಆ ಗುರುವಾರ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಆ ನಾಡಿನ ಮಳೆಗಾಲ ಮೊದಲಾಗುವುದೂ ಆಗಲೇ. ಚರ್ಚಿನ ಹಬ್ಬದ ಹೆಸರಿನಲ್ಲಿ ಜೋಳದ ಹೊಲದ ಹಬ್ಬ ನಡೆಯುತ್ತದೆ. ಆ ದಿನಗಳಲ್ಲಿ ನನ್ನಂಥ ನೋಟಕರು ದೂರ ಉಳಿಯುವುದು ಮರ್ಯಾದೆ.

ಈ ಜನರು ಕಾಯ್ದುಕೊಂಡದ್ದು ನೀರನ್ನು, ದಿನವನ್ನು, ಭಾಷೆಯನ್ನು. ಅದಕ್ಕೆ ಅವರು ತೆತ್ತ ಬೆಲೆಯನ್ನು ಹೇಳದೆ ಮಾತು ಮುಗಿಸುವುದು ಸರಿಯಾಗಲಾರದು. 1960ರಿಂದ 1996ರವರೆಗೆ ಗ್ವಾಟೆಮಾಲದಲ್ಲಿ ಅಂತರ್ಯುದ್ಧ ನಡೆಯಿತು. 1999ರಲ್ಲಿ ವಿಚಾರಣಾ ಆಯೋಗ ಕೊಟ್ಟ ವರದಿಯ ಪ್ರಕಾರ ಸತ್ತವರೂ ಕಾಣೆಯಾದವರೂ ಸೇರಿ ಎರಡು ಲಕ್ಷ ಜನ. ಗುರುತು ಸಿಕ್ಕವರಲ್ಲಿ ನೂರಕ್ಕೆ ಎಂಬತ್ತಮೂರು ಮಂದಿ ಮಾಯಾ ಜನರು. ಶಾಂತಿಯ ಮಾತುಕತೆಗಳ ನಡುವೆ 1995ರಲ್ಲಿ ಆದ ಒಂದು ಒಪ್ಪಂದ ಈ ಜನರ ಭಾಷೆ, ಆಚರಣೆ, ಪವಿತ್ರಸ್ಥಳಗಳಿಗೆ ಮನ್ನಣೆ ನೀಡಿತು. ಅದಕ್ಕೆ ಮೊದಲೇ, 1990ರಲ್ಲಿ, ಕಾನೂನಿನ ಮೂಲಕ ಮಾಯಾ ಭಾಷೆಗಳ ಅಕಾಡೆಮಿ ನೆಲೆಗೊಂಡಿತ್ತು. 2003ರಲ್ಲಿ ಭಾಷೆಗಳ ಕಾಯಿದೆಯೂ ಬಂದಿತು. ಕಾಗದದ ಮೇಲಿನ ಮನ್ನಣೆ ಹೊಲಕ್ಕೆ ಇಳಿಯಲು ಹೊತ್ತು ಹಿಡಿಯುತ್ತದೆ. ಹೊಟ್ಟೆಪಾಡಿಗಾಗಿ ಮಾಮ್ ಜನರು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋಗಿದ್ದಾರೆ. ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನಲ್ಲಿ ಅವರದೊಂದು ಸಮುದಾಯವೇ ಇದೆ. ವಲಸೆಯ ನ್ಯಾಯಾಲಯಗಳಲ್ಲಿ ಮಾಮ್ ಭಾಷೆಯ ದುಭಾಷಿಗಳಿಗೆ ಈಗ ಬಹಳ ಬೇಡಿಕೆ. ಅಳಿದುಹೋದ ಜನರಿಗೆ ದುಭಾಷಿಗಳು ಬೇಕಾಗುವುದಿಲ್ಲ.

ಹಿಂದಿರುಗುವಾಗ ಮೆಟ್ಟಿಲುಗಳ ನಡುವೆ ತರುಣನಿಗೆ ಫೋನು ಬಂದಿತು. ಅವನ ಸ್ಪ್ಯಾನಿಷ್ ನಿಂತು, ಗಂಟಲಿನಾಳದಲ್ಲಿ ಒಡೆದು ಬರುವ ವ್ಯಂಜನಗಳ ಬೇರೆ ಭಾಷೆ ಹರಿಯತೊಡಗಿತು. ಅಮ್ಮನಂತೆ, ಮಳೆ ಬರುವ ಮೊದಲು ಮನೆ ಸೇರಬೇಕಂತೆ. ಫೆಬ್ರವರಿಯಲ್ಲಿ ಮಳೆಯೆ ಎಂದು ಕೇಳಿದೆ. "ಅಮ್ಮಂದಿರು ಯಾವಾಗಲೂ ಹಾಗೆ ಹೇಳುತ್ತಾರೆ" ಎಂದ. ಆ ಮಾತಿಗೆ ಅನುವಾದದ ಅಗತ್ಯವಿರಲಿಲ್ಲವಾದರೂ ಹುಡುಗಿ ಅನುವಾದಿಸಿದಳು.

ನಾನು ಸರೋವರವನ್ನು ಕಂಡದ್ದು ಐದು ನಿಮಿಷ, ಮುಟ್ಟಿದ್ದು ಇಲ್ಲವೇ ಇಲ್ಲ. ಅಷ್ಟು ದೂರ ಹೋಗಿ ಇಷ್ಟೇ ಪಡೆದು ಬಂದಿರಾ ಎಂದು ಮಿತ್ರರು ಕೇಳಿದ್ದುಂಟು. ಮುಟ್ಟಿ ಪಡೆಯುವ ಪುಣ್ಯ ನನಗೆ ಮೊದಲೇ ಗೊತ್ತಿತ್ತು. ಮುಟ್ಟದೆ ಬಿಡುವುದರಲ್ಲೂ ಒಂದು ಪುಣ್ಯವಿದೆಯೆಂಬುದು ಅಲ್ಲಿ ಗೊತ್ತಾಯಿತು. ಆ ಅರಿವಿಗೆ ಮಂಡಿನೋವಿನ ಬೆಲೆ ಹೆಚ್ಚಲ್ಲ.

ಈ ಭಾಷಣವನ್ನು ನೀವು ಕೇಳುತ್ತಿರುವಾಗ ಇಲ್ಲಿ ರಾತ್ರಿ ಎಂಟು ಗಂಟೆ. ಅಲ್ಲಿ ಬೆಳಗಿನ ಎಂಟೂವರೆ. ಮೋಡ ಏರಿ ಬರಲು ಇನ್ನೂ ಹೊತ್ತಿದೆ. ನೀರು ತಿಳಿಯಾಗಿ ಕಾಣುತ್ತಿರುತ್ತದೆ. ಮೆಟ್ಟಿಲಿಳಿದು ಬಂದ ಯಾರೋ ದಡದಲ್ಲಿ ಹೂ ನೆಟ್ಟು, ಬೆಂಕಿ ಹೊತ್ತಿಸಿ, ಈ ದಿನದ ಹೆಸರನ್ನು ಕರೆಯುತ್ತಿದ್ದಾರೆ.

(ಬಾನುಲಿ ಭಾಷಣ)